ತಟ್ಟೆಯಡಿಯ ಬೊಟ್ಟು

ತಕ್ಕಡಿ ಸರಿಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಒಂದು ಪ್ರಶ್ನೆಯನ್ನಂತೂ ಕೇಳಿಯೇ ಕೇಳುತ್ತಾರೆ: "ಸರ್, ಈ ಲೈನ್‌ನಲ್ಲಿ ಮುಂದೆ ಬರೋಕೆ ಏನು ಬೇಕು?" ಒಳ್ಳೆಯ ಕಣ್ಣು ಬೇಕು, ಬೆವರದ ಕೈ ಬೇಕು, ತಾಳ್ಮೆ ಬೇಕು ಎಂದು ಹೇಳಿ ಕಳಿಸುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ, ಯಾರ ಮುಲಾಜೂ ಇಲ್ಲ. ನಾನು ಮುಂದೆ ಬಂದದ್ದು ಒಂದು ಸುಳ್ಳು ವರದಿಗೆ ಸಹಿ ಹಾಕಿ. ಬಡ್ತಿ, ಬೀಳ್ಕೊಡುಗೆ, ಶಾಲು, ಹಣ್ಣಿನ ಬುಟ್ಟಿ ಇವನ್ನೆಲ್ಲ ಬದಿಗಿಟ್ಟು ಆ ವರದಿಯ ಕಥೆಯನ್ನೇ ಬರೆಯುತ್ತೇನೆ. ಓದಿದ ಮೇಲೂ ಈ ಕೆಲಸ ಬೇಕೆನಿಸಿದರೆ ಸೇರಿಕೊಳ್ಳಿ.

ಮೈಸೂರಿನಲ್ಲಿ ಕಾಲೇಜುಗಳ ಲ್ಯಾಬ್ ತಕ್ಕಡಿಗಳನ್ನು ರಿಪೇರಿ ಮಾಡಿಕೊಂಡಿದ್ದವನು ನಾನು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನೈರೋಬಿಗೆ ಬಂದೆ. ಹಸ್ಮುಖ್‌ಭಾಯಿ ಎಂಬ ಗುಜರಾತಿ ಯಜಮಾನರ ಕಂಪನಿ. ನ್ಗಾರಾ ಬಡಾವಣೆಯಲ್ಲಿ ಮುಂದೆ ಅಂಗಡಿ, ಹಿಂದೆ ನಮ್ಮ ವರ್ಕ್‌ಶಾಪ್. ಮಾತ್ರೆ ಫ್ಯಾಕ್ಟರಿ, ಚಿನ್ನದ ಅಂಗಡಿ, ಚಹಾ ಪರೀಕ್ಷೆಯ ಲ್ಯಾಬು, ಎಲ್ಲರ ತಕ್ಕಡಿಯೂ ನಮ್ಮಲ್ಲಿಗೇ ಬರುತ್ತಿತ್ತು. ಸೂಕ್ಷ್ಮ ತಕ್ಕಡಿಯನ್ನು ಮಟಾಟುವಿನಲ್ಲಿ, ಅಂದರೆ ಅಲ್ಲಿನ ಬಾಡಿಗೆ ವ್ಯಾನಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ಹೋಗಬೇಕು. ವ್ಯಾನು ಗುಂಡಿಗೆ ಬಿದ್ದಾಗಲೆಲ್ಲ ಬಸುರಿ ಹೆಂಡತಿಯನ್ನು ಕರೆದೊಯ್ಯುವವನ ಹಾಗೆ ನಾನು ಡ್ರೈವರನ ಮೇಲೆ ಕೂಗಾಡುತ್ತಿದ್ದೆ. ಅವನು ಸಂಗೀತದ ಸದ್ದು ಇನ್ನಷ್ಟು ಏರಿಸುತ್ತಿದ್ದ.

ನನಗೆ ನಿಜವಾಗಿ ಕೆಲಸ ಕಲಿಸಿದವರು ಒಟಿಯೆನೊ. ನನಗಿಂತ ಹದಿನೈದು ವರ್ಷ ದೊಡ್ಡವರು, ಕಂಪನಿಯ ಹಳೆಯ ಮೆಕ್ಯಾನಿಕ್. ಮೊದಲ ವರ್ಷ ಒಂದು ಮಾತ್ರೆ ಫ್ಯಾಕ್ಟರಿಯ ತಕ್ಕಡಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ತಪ್ಪು ತೋರಿಸಲು ಶುರು ಮಾಡುತ್ತಿತ್ತು. ಮೂರು ಸಲ ಬಿಚ್ಚಿದೆ, ಮೂರು ಸಲ ಕಟ್ಟಿದೆ, ಎರಡು ಭಾಗ ಹೊಸದು ಹಾಕಿದೆ. ಕೊನೆಗೆ ಒಟಿಯೆನೊ ಬಂದು ಒಂದು ಗಂಟೆ ಸುಮ್ಮನೆ ಕುರ್ಚಿಯ ಮೇಲೆ ಕೂತರು. ಹತ್ತಕ್ಕೆ ಕಿಟಕಿಯಿಂದ ಬಿಸಿಲು ತಕ್ಕಡಿಯ ಮೇಲೆ ಬಿತ್ತು. ಎದ್ದು ಹೋಗಿ ಪರದೆ ಎಳೆದರು, ಅಷ್ಟೇ. "ತಕ್ಕಡಿಗೆ ಕಾಯಿಲೆ ಇಲ್ಲ, ನಿನಗೆ ಅವಸರ" ಎಂದರು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅದೇ ಹೊತ್ತಿಗೆ ಕೆಲಸದ ರೀತಿಯೂ ಬದಲಾಯಿತು. ಅದುವರೆಗೆ ಒಟಿಯೆನೊ ಸ್ವಾಹಿಲಿಯಲ್ಲಿ "ಸವಾ", ಸರಿ ಇದೆ, ಎಂದರೆ ಗಿರಾಕಿಗೆ ಸಾಕಿತ್ತು. ಆಮೇಲೆ ಔಷಧ ಕಂಪನಿಗಳವರು ಕಾಗದ ಕೇಳತೊಡಗಿದರು. ಹಸ್ಮುಖ್‌ಭಾಯಿ ಕಂಪ್ಯೂಟರ್ ತಂದು ಪ್ರಮಾಣಪತ್ರ ಅಚ್ಚು ಮಾಡಿಸಿದರು, ಹಸಿರು ಬಣ್ಣದ ದುಂಡು ಸೀಲುಗಳ ಸುರುಳಿಯನ್ನೇ ತರಿಸಿದರು. ತಕ್ಕಡಿಗೆ ಸೊನ್ನೆ ಇಟ್ಟ ಮೇಲೆ ಸೊನ್ನೆಯ ತಿರುಪಿನ ಮೇಲೆ ಸೀಲು ಅಂಟಿಸಬೇಕು; ಗಿರಾಕಿ ಸೀಲು ಕಿತ್ತರೆ ಜವಾಬ್ದಾರಿ ನಮ್ಮದಲ್ಲ. ಯಜಮಾನರಿಗೆ ಅದು ಬಹಳ ಹಿಡಿಸಿತು. ನನಗೂ ಹಿಡಿಸಿತು, ಯಾಕೆಂದರೆ ಸಹಿ ನನ್ನದು. ಆದರೆ ಸೀಲು ಬಂದ ಮೇಲೆ ಗಿರಾಕಿಗಳು ಮುಳ್ಳಿನ ಕಡೆ ನೋಡುವುದನ್ನೇ ಬಿಟ್ಟರು. ಇದು ನನಗೆ ಅರ್ಥವಾದದ್ದು ತಡವಾಗಿ.

ಗುರುದಿತ್ ಸಿಂಗ್ ನಮ್ಮ ವರ್ಕ್‌ಶಾಪಿನಿಂದ ಎರಡು ಬೀದಿ ಆಚೆ ಇದ್ದರು. ನೈರೋಬಿಯಲ್ಲೇ ಹುಟ್ಟಿದವರು, ರೈಲಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಹೆಂಡತಿಯ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಅವರೇ. ಮಗ ಬೇರೆ ದೇಶದಲ್ಲಿದ್ದ. ಇವರಿಗೆ ಇದ್ದದ್ದು ಎರಡೇ ಸಂತೋಷ: ಭಾನುವಾರ ಗೆಳೆಯ ಕರಿಯುಕಿಯ ಜೊತೆ ರೇಂಜಿಗೆ ಹೋಗಿ ಪಿಸ್ತೂಲಿನಿಂದ ಗುರಿ ಹೊಡೆಯುವುದು, ಉಳಿದ ದಿನ ಮನೆಯ ಮಹಡಿಯಲ್ಲಿ ಆ ಪಿಸ್ತೂಲಿಗೆ ತೋಟಾ ತಯಾರಿಸುವುದು. ಕರಿಯುಕಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಇಬ್ಬರದೂ ಮೂವತ್ತು ವರ್ಷದ ಸ್ನೇಹ.

ತೋಟಾವನ್ನು ಮನೆಯಲ್ಲಿ ಮಾಡುತ್ತಾರೆಂದು ಕೇಳಿ ಮೊದಲು ನಾನು ಹೌಹಾರಿದ್ದೆ. ಗುರುದಿತ್ ಸಿಂಗರ ಪರವಾನಗಿ, ಅನುಮತಿ ಕಾಗದ ಎಲ್ಲ ನೋಡಿಯೇ ಹಸ್ಮುಖ್‌ಭಾಯಿ ಕೆಲಸ ಒಪ್ಪಿಕೊಂಡಿದ್ದರು. ಸರ್ದಾರ್‌ಜಿ ನನ್ನನ್ನು ಮಹಡಿಗೆ ಕರೆದೊಯ್ದು ತೋರಿಸಿದರು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಆರಿಸಿ ತಂದು ತೊಳೆದು ಒಣಗಿಸಿದ್ದರು. ಅವನ್ನು ಕೈ ಒತ್ತಿನ ಯಂತ್ರದಲ್ಲಿ ಮತ್ತೆ ಆಕಾರಕ್ಕೆ ತಂದು, ಒಳಗೆ ಮದ್ದಿನ ಪುಡಿ ತೂಗಿ ಹಾಕಿ, ಮೇಲೆ ಗುಂಡು ಕೂರಿಸುವುದು. ಒಂದೊಂದಕ್ಕೂ ಪುಡಿಯನ್ನು ಬೇರೆಬೇರೆಯಾಗಿ ತೂಗುತ್ತಿದ್ದರು. "ಅಂಗಡಿಯ ತೋಟಾ ಸಿಗೋಲ್ಲ ಅಂತಲ್ಲ ಬೇಟಾ" ಎಂದರು ಹಿಂದಿಯಲ್ಲಿ. "ರಿಟೈರ್ ಆದ ಕೈಗೆ ಒಂದು ಕೆಲಸ ಬೇಕು. ಇಲ್ಲಿ ಕೂತಾಗ ನನ್ನ ಕೈ ಇನ್ನೂ ಇಪ್ಪತ್ತೈದರದ್ದು."

ಅಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿ, ನಾವೆಲ್ಲ ಬೀಜಿ ಎನ್ನುತ್ತಿದ್ದವರು, ಗಟ್ಟಿಯಾಗಿ ಕೂಗಿದರು: "ಚಾಯ್ ಹೋ ಗಯೀ ಜೀ!" ಇಡೀ ಬೀದಿಗೆ ಕೇಳುವ ಗಂಟಲು. ಸರ್ದಾರ್‌ಜಿ ನನ್ನತ್ತ ಕಣ್ಣು ಮಿಟುಕಿಸಿ, "ಎಂಜಿನ್ನಿನ ಸೀಟಿ" ಎಂದರು.

ಅವರ ತಕ್ಕಡಿ ಹಳೆಯ ಕಾಲದ್ದು. ಒಂದು ಪುಟ್ಟ ದಂಡ, ಒಂದು ತೆಳು ತಟ್ಟೆ, ಒಂದು ಮುಳ್ಳು. ಅದರಲ್ಲಿ ತೂಗುವ ಅಳತೆಗೆ ಗ್ರೇನ್ ಎನ್ನುತ್ತಾರೆ. ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ ಮೂರು ಅಕ್ಕಿಕಾಳಿನ ತೂಕ. ಪಿಸ್ತೂಲಿನ ತೋಟಾಕ್ಕೆ ಬೇಕಾದದ್ದೇ ಕೆಲವೇ ಗ್ರೇನ್ ಪುಡಿ, ಅದರಲ್ಲಿ ಒಂದು ಹೆಚ್ಚಾದರೂ ಕಥೆ ಬೇರೆ. ದಂಡದ ಅಂಚಿಗೆ ತುಕ್ಕು ಹಿಡಿದಿದೆ, ಸರಿಮಾಡಿ ಕೊಡು ಎಂದು ಒಂದು ಅಕ್ಟೋಬರ್‌ನಲ್ಲಿ ಕೊಟ್ಟರು. ಶನಿವಾರ ತೋಟಾ ಮಾಡಬೇಕು, ಭಾನುವಾರ ರೇಂಜು ಎಂದರು.

ಆ ವಾರವೇ ಆಯುಧಪೂಜೆ ಬಂತು. ಹಸ್ಮುಖ್‌ಭಾಯಿಗೆ ದೀಪಾವಳಿಯ ಪೂಜೆ ಮುಖ್ಯ; ಆಯುಧಪೂಜೆ ಶುರುಮಾಡಿಸಿದ್ದು ನಾನು. ಮೈಸೂರಿನವನೆಂಬ ಜಂಬ. ವರ್ಷಕ್ಕೊಮ್ಮೆ ಬೆಳಿಗ್ಗೆ ವರ್ಕ್‌ಶಾಪಿನ ಸ್ಕ್ರೂಡ್ರೈವರ್, ಚಿಮಟ, ತೂಕದ ಬಟ್ಟಿನ ಪೆಟ್ಟಿಗೆ ಎಲ್ಲ ಸಾಲಾಗಿ ಇಟ್ಟು, ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚುತ್ತಿದ್ದೆ. ಮನೆಯಿಂದ ನನ್ನ ಹೆಂಡತಿ ಸುಧಾ ಗಂಧ ತೇಯ್ದು ಬಟ್ಟಲಲ್ಲಿ ಕಳಿಸುತ್ತಿದ್ದಳು. ಒಟಿಯೆನೊ ತಮ್ಮ ಇಕ್ಕಳಕ್ಕೂ ಬೊಟ್ಟು ಇಡಿಸಿಕೊಳ್ಳುತ್ತಿದ್ದರು. ರಿಪೇರಿಗೆ ಬಂದಿದ್ದ ಗಿರಾಕಿಗಳ ತಕ್ಕಡಿಗೂ ನಾನು ಇಡುತ್ತಿದ್ದೆ. ಎದುರಿಗೆ ಇಟ್ಟರೆ ಮಾಲು ಕೊಳಕಾಯಿತೆಂದಾರು ಎಂದು ತಟ್ಟೆಯ ಅಡಿಯಲ್ಲಿ, ಯಾರಿಗೂ ಕಾಣದಂತೆ.

ಸರ್ದಾರ್‌ಜಿಯ ತಟ್ಟೆಯ ಅಡಿಗೂ ಇಟ್ಟೆ. ಭಕ್ತಿ ಜಾಸ್ತಿಯಾಗಿ ಸ್ವಲ್ಪ ದಪ್ಪವಾಗಿಯೇ ಇಟ್ಟೆ. ಮಂಗಳಾರತಿ ಆಯಿತು, ಸಿಹಿ ತಿಂದದ್ದಾಯಿತು. ಅದೇ ಗಡಿಬಿಡಿಯಲ್ಲಿ ಅವರ ತಕ್ಕಡಿಗೆ ಸೊನ್ನೆ ಇಟ್ಟು, ಹಸಿರು ಸೀಲು ಅಂಟಿಸಿ, ಪ್ರಮಾಣಪತ್ರಕ್ಕೆ ಸಹಿ ಹಾಕಿ ಸಂಜೆಯೇ ತಲುಪಿಸಿದೆ.

ಗಂಧ ಆಗಿನ್ನೂ ಒದ್ದೆ. ಒದ್ದೆ ಗಂಧದ ಭಾರ ಸೇರಿಸಿ ನಾನು ಸೊನ್ನೆ ಇಟ್ಟಿದ್ದೆ. ಅದು ಒಣಗಿತು, ಒಂದಿಷ್ಟು ಉದುರಿತು, ತಟ್ಟೆ ಹಗುರವಾಯಿತು. ಎಷ್ಟು ಹಗುರವಾಯಿತೋ ಅಷ್ಟು ಮದ್ದು ಪ್ರತಿ ತೋಟಾಕ್ಕೂ ಹೆಚ್ಚಾಗಿ ಬಿತ್ತು. ಮೂರು ಅಕ್ಕಿಕಾಳಿನಷ್ಟು. ಬೇರೆ ಯಾರೇ ಆಗಿದ್ದರೂ ಖಾಲಿ ತಟ್ಟೆಯಲ್ಲಿ ಮುಳ್ಳು ಎಲ್ಲಿದೆ ಎಂದು ಒಮ್ಮೆ ನೋಡುತ್ತಿದ್ದರು. ಸರ್ದಾರ್‌ಜಿಯೂ ಹಿಂದೆಲ್ಲ ನೋಡುತ್ತಿದ್ದರು. ಈ ಸಲ ಮೇಲೆ ನನ್ನ ಸೀಲು ಇತ್ತು.

ಭಾನುವಾರ ರೇಂಜಿನಲ್ಲಿ ಮೊದಲ ಸರದಿಯನ್ನು ಅವರು ಗೆಳೆಯನಿಗೇ ಬಿಟ್ಟುಕೊಟ್ಟರಂತೆ. ಕರಿಯುಕಿಯವರ ಪಿಸ್ತೂಲು ಹಳೆಯದು. ಮೂರನೆಯ ತೋಟಾಕ್ಕೆ ಅದು ಕೈಯಲ್ಲೇ ಸೀಳಿತು. ರಕ್ಷಣೆಯ ಕನ್ನಡಕ ಹಾಕಿದ್ದರೂ ಪಕ್ಕದಿಂದ ಚೂರು ನುಗ್ಗಿ ಬಲಗಣ್ಣು ಹೋಯಿತು. ಉಳಿದ ತೋಟಾಗಳನ್ನು ಅಂದೇ ರೇಂಜಿನವರು ವಶಕ್ಕೆ ತೆಗೆದುಕೊಂಡು ನಾಶಮಾಡಿದರು.

ಸೋಮವಾರ ಹಸ್ಮುಖ್‌ಭಾಯಿ ನನ್ನನ್ನು ಒಳಗೆ ಕರೆದರು. "ಸರ್ದಾರ್‌ಜಿ ತಕ್ಕಡಿ ಪರೀಕ್ಷೆ ಮಾಡಿ ವರದಿ ಕೊಡಬೇಕಂತೆ, ರೇಂಜಿನವರು ಕೇಳಿದ್ದಾರೆ. ಹೋಗಿ ನೋಡಿ, ಸರಿ ಇದೆ ಅಂತ ಬರೆದು ಬಾ" ಎಂದರು. ಪರೀಕ್ಷೆಯ ಫಲಿತಾಂಶ ಪರೀಕ್ಷೆಗಿಂತ ಮೊದಲೇ ಸಿದ್ಧವಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ, ನಾನೂ ದಾರಿಯುದ್ದಕ್ಕೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಬೊಟ್ಟಿನ ವಿಷಯ ನನಗೆ ಆಗಲೇ ಹೊಳೆದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಯಾರೂ ಏನೂ ಅನ್ನದೆಯೇ ಮೈಯೆಲ್ಲ ಬೆವರಿತ್ತು.

ಮಹಡಿಯಲ್ಲಿ ಎಲ್ಲ ಹಾಗೇ ಇತ್ತು. ಸರ್ದಾರ್‌ಜಿ ಮೇಜಿನ ಕಡೆ ನೋಡಲಾರದೆ ಕಿಟಕಿಗೆ ಮುಖಮಾಡಿ ನಿಂತರು. ನಾನು ತಟ್ಟೆ ತಿರುಗಿಸಿದೆ. ಕೆಂಪು ಕಲೆ, ನಡುವೆ ಉದುರಿದ ಜಾಗ. ಖಾಲಿ ತಟ್ಟೆ ಇಟ್ಟೆ. ಮುಳ್ಳು ಗೆರೆಯ ಮೇಲಿರಲಿಲ್ಲ. ಎರಡು ನಿಮಿಷದ ಕೆಲಸ. ಸ್ಪಿರಿಟ್ ಹತ್ತಿಯಲ್ಲಿ ಬೊಟ್ಟು ಒರೆಸಿದೆ. ಸೀಲು ಕಿತ್ತು ತಿರುಪು ತಿರುಗಿಸಿ ಸೊನ್ನೆಗೆ ತಂದೆ. ಚೀಲದಲ್ಲಿದ್ದ ಹೊಸ ಸೀಲು ಅಂಟಿಸಿದೆ. ಕೆಂಪಾದ ಹತ್ತಿಯನ್ನು ಜೇಬಿಗೆ ಹಾಕಿಕೊಂಡೆ. ಇಷ್ಟನ್ನೂ ಆ ಮನುಷ್ಯ ಬೆನ್ನು ತಿರುಗಿಸಿ ನಿಂತಿರುವಾಗ ಮಾಡಿದೆ.

"ಸರ್ದಾರ್‌ಜಿ, ನೋಡಿ ಬನ್ನಿ" ಎಂದು ಕರೆದೆ. ಖಾಲಿ ತಟ್ಟೆ ಇಟ್ಟೆ, ಸೊನ್ನೆ. ಬಟ್ಟು ಇಟ್ಟೆ, ಸರಿಯಾದ ತೂಕ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ನಾನೇ" ಎಂದರು. "ಒಂದರಲ್ಲಿ ಎರಡು ಸಲ ಪುಡಿ ಹಾಕಿಬಿಟ್ಟಿದ್ದೀನಿ. ಮಧ್ಯೆ ಚಹಾಕ್ಕೆ ಕರೆದಳು, ಎದ್ದು ಹೋಗಿದ್ದೆ. ವಾಪಸ್ ಬಂದು ಅದೇ ಕೊಳವೆಗೆ ಇನ್ನೊಂದು ಸಲ."

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಬೀಜಿ ಅದನ್ನು ಕೇಳಿಸಿಕೊಂಡರು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. "ತಕ್ಕಡಿಯಲ್ಲಿ ದೋಷವಿಲ್ಲ" ಎಂದು ಬರೆದು ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಟ್ಟು ಮೆಟ್ಟಿಲಿಳಿದೆ.

ಮನೆಯಲ್ಲಿ ಅಂಗಿ ಒಗೆಯಲು ತೆಗೆದ ಸುಧಾ ಜೇಬಿನ ಕೆಂಪು ನೋಡಿ ಕೇಳಿದಳು. ಹೇಳಿದೆ. ಅವಳು ಹಾಗೇ ನೆಲದ ಮೇಲೆ ಕೂತಳು.

"ನಾನು ತೇಯ್ದ ಗಂಧ" ಎಂದಳು. ಆಮೇಲೆ, "ರೀ, ಈಗ ಹೇಳಿದ್ರೆ ಅವರ ಕಣ್ಣು ವಾಪಸ್ ಬರುತ್ತಾ?"

"ಇಲ್ಲ."

"ನಿಮ್ಮ ಪರ್ಮಿಟ್ ಕಂಪನೀದು. ಕೆಲಸ ಹೋದ್ರೆ ತಿಂಗಳೊಳಗೆ ದೇಶ ಬಿಡ್ಬೇಕು. ಮಗು ಸ್ಕೂಲು? ಸುಮ್ನಿರಿ. ದೇವ್ರ ಕೆಲಸ ಮಾಡೋಕೆ ಹೋಗಿ ಆಗಿದ್ದು, ಬೇಕು ಅಂತ ಮಾಡಿದ್ದಲ್ವಲ್ಲ."

ನನಗೂ ಬೇಕಾಗಿದ್ದದ್ದು ಅದೇ ಮಾತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸುಮ್ಮನಾದೆ. ಹೀಗೆ ಎರಡು ವರ್ಷ ಕಳೆಯಿತು. ಹಸ್ಮುಖ್‌ಭಾಯಿ ನನ್ನ ಮೇಲೆ ಹೆಚ್ಚು ಜವಾಬ್ದಾರಿ ಹೊರಿಸಿದರು. ಕಾಗದದ ಕೆಲಸದಲ್ಲಿ ನಾನು ಗಟ್ಟಿಗ ಎಂಬ ಹೆಸರು ಬಂತು. ಕಿಲೆಲೆಶ್ವಾದಲ್ಲಿ ದೊಡ್ಡ ಫ್ಲ್ಯಾಟಿಗೆ ಹೋದೆವು. ಆಯುಧಪೂಜೆ ನಿಲ್ಲಿಸಿದೆ. ಒಟಿಯೆನೊ ಯಾಕೆಂದು ಕೇಳಿದಾಗ ಪುರುಸೊತ್ತಿಲ್ಲ ಎಂದೆ. ಅವರು ನನ್ನ ಮುಖ ನೋಡಿ ಮತ್ತೆ ಆ ಮಾತೆತ್ತಲಿಲ್ಲ. ಸರ್ದಾರ್‌ಜಿ ಯಂತ್ರ, ತಕ್ಕಡಿ ಎಲ್ಲ ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟರೆಂದು ತಿಳಿಯಿತು. ಪರವಾನಗಿಯನ್ನು ತಾವೇ ಹೋಗಿ ಒಪ್ಪಿಸಿದರಂತೆ. ಅವರ ಬೀದಿ ಬಿಟ್ಟು ಸುತ್ತಿ ಬಳಸಿ ನಡೆಯುವುದನ್ನು ನಾನು ರೂಢಿ ಮಾಡಿಕೊಂಡೆ.

ಒಂದು ಶನಿವಾರ ಸುಧಾ ನ್ಗಾರಾದ ಮಸಾಲೆ ಅಂಗಡಿಗೆ ಹೋದವಳು ಬರಿಗೈಯಲ್ಲಿ ವಾಪಸು ಬಂದಳು.

"ಬೀಜಿ ಸಿಕ್ಕಿದ್ರು" ಎಂದಳು. "ಸರ್ದಾರ್‌ಜಿ ಏನೂ ಮುಟ್ಟೋಲ್ವಂತೆ. ಬಲ್ಬ್ ಹಾಕೋಲ್ಲ, ಮೊಳೆ ಹೊಡೆಯೋಲ್ಲ. ಮಗ ಮಗೂನ ಕರ್ಕೊಂಡು ಬಂದಿದ್ನಂತೆ, ಎತ್ಕೊಳ್ಳಿ ಅಂದ್ರೆ ಕೈ ಹಿಂದಕ್ಕೆ ಕಟ್ಕೊಂಡ್ರಂತೆ. ನನ್ ಕೈ ನಂಬಬೇಡ ಅಂತ."

"ಹೂಂ."

"ಇನ್ನೂ ಕೇಳಿ. ಅವತ್ತಿಂದ ಬೀಜಿ ಅವರನ್ನ ಚಹಾಕ್ಕೆ ಕೂಗಿಲ್ಲವಂತೆ. ನಾನು ಕೂಗಿದ್ದಕ್ಕೇ ಕರಿಯುಕಿ ಕಣ್ಣು ಹೋಯ್ತು ಅಂತಾರೆ. ಲೋಟ ಹಿಡ್ಕೊಂಡು ಮೇಲೆ ಹೋಗಿ, ಅವರು ತಿರುಗಿ ನೋಡೋವರೆಗೂ ನಿಂತಿರ್ತಾರಂತೆ. ನನಗೆ ಅಲ್ಲಿ ನಿಂತು ಕೇಳೋಕಾಗಲಿಲ್ಲ ರೀ. ಅವತ್ತು ಸುಮ್ನಿರಿ ಅಂದೋಳು ನಾನೇ. ಪರ್ಮಿಟ್ ಹಾಳಾಗ್ಲಿ. ಹೋಗಿ ಹೇಳಿ ಬನ್ನಿ."

ಮೊದಲು ಕರಿಯುಕಿಯವರ ಮನೆಗೆ ಹೋದೆ. ಕಣ್ಣು ಕಳೆದುಕೊಂಡವರು ಅವರು, ಅವರಿಗೆ ಮೊದಲು ಹೇಳುವುದು ನ್ಯಾಯ ಎನಿಸಿತು. ಅವರು ಇಂಗ್ಲಿಷಿನಲ್ಲಿ, ಕೋರ್ಟಿನ ಗುಮಾಸ್ತರಿಗೆ ತಕ್ಕ ಹಾಗೆ, ನಡುನಡುವೆ ಪ್ರಶ್ನೆ ಹಾಕಿ ಎಲ್ಲ ಕೇಳಿಸಿಕೊಂಡರು. ಗಂಧ ಎಂದರೇನು, ಎಷ್ಟು ಇಟ್ಟೆ, ಯಾವಾಗ ಒರೆಸಿದೆ. ಕೊನೆಗೆ ಹೇಳಿದರು: "ನಿನ್ನನ್ನು ಕ್ಷಮಿಸುವಷ್ಟು ದೊಡ್ಡವನು ನಾನಲ್ಲ. ಆದರೆ ನನ್ನ ಕಣ್ಣು ಅವತ್ತೇ ಹೋಯಿತು. ಅವನದು ದಿನಾ ಹೋಗುತ್ತಿದೆ. ಎದ್ದೇಳು, ಹೋಗಿ ಅವನಿಗೆ ಹೇಳು."

ಅಲ್ಲಿಂದ ನೇರ ನ್ಗಾರಾಕ್ಕೆ. ಮಧ್ಯಾಹ್ನ ಮೂರು ಗಂಟೆ ಇರಬೇಕು. ಸರ್ದಾರ್‌ಜಿ ಹಜಾರದಲ್ಲಿ ಕೈಗಳೆರಡನ್ನೂ ತೊಡೆಯಡಿಗೆ ಇಟ್ಟುಕೊಂಡು ಕೂತಿದ್ದರು. ಬೀಜಿ ಪಕ್ಕದಲ್ಲಿದ್ದರು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಆಯುಧಪೂಜೆ, ಒದ್ದೆ ಗಂಧ, ಒರೆಸಿದ್ದು, ಸೀಲು ಬದಲಿಸಿದ್ದು, ಒಂದನ್ನೂ ಬಿಡಲಿಲ್ಲ. "ನಿಮ್ಮ ಕೈ ತಪ್ಪಿಲ್ಲ ಸರ್ದಾರ್‌ಜಿ. ಬೀಜಿ ಕೂಗಿದ್ದರಿಂದಲೂ ಏನೂ ಆಗಿಲ್ಲ. ತಪ್ಪು ನನ್ನದು. ಎಲ್ಲಿ ಬೇಕಾದರೂ ಬರೆದು ಕೊಡುತ್ತೇನೆ, ಪೊಲೀಸರ ಹತ್ತಿರ ಬೇಕಾದರೂ ಬರುತ್ತೇನೆ."

ಬೀಜಿ ನನ್ನನ್ನೇ ನೋಡುತ್ತಿದ್ದರು. "ಸಚ್?" ಎಂದರು. ಆ ಒಂದು ಮಾತಿನಲ್ಲಿ ಎಷ್ಟು ಆಸೆ ಇತ್ತೆಂದು ನನಗೆ ಇವತ್ತಿಗೂ ಬರೆಯಲು ಬರುವುದಿಲ್ಲ.

ಸರ್ದಾರ್‌ಜಿ ಎದ್ದರು. ಬೀರುವಿನಿಂದ ಮಡಿಸಿದ ಒಂದು ಕಾಗದ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ನನ್ನ ವರದಿ.

"ಇದು ನಿನ್ನ ಸಹಿ ತಾನೆ?"

"ನನ್ನದೇ. ಸುಳ್ಳು ಬರೆದೆ."

"ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡಿದೆ. ಸೊನ್ನೆ ಸರಿ ಇತ್ತು, ನಾನೇ ನೋಡಿದ್ದೀನಿ."

"ನೀವು ನೋಡೋದಕ್ಕೆ ಮುಂಚೆ ನಾನು ಸರಿಮಾಡಿದ್ದೆ. ನೀವು ಕಿಟಕಿ ಕಡೆ ತಿರುಗಿದ್ರಿ."

ಅವರು ನನ್ನ ಮುಖವನ್ನು ಹುಡುಕಿದರು. "ಇಲ್ಲಿಗೆ ಬರೋದಕ್ಕೆ ಮುಂಚೆ ಎಲ್ಲಿಗೆ ಹೋಗಿದ್ದೆ?"

"ಕರಿಯುಕಿಯವರ ಮನೆಗೆ. ಅವರೇ ಹೇಳಿದರು, ಹೋಗಿ ಹೇಳು ಅಂತ."

"ಹಾಂ!" ಎಂದರು ಸರ್ದಾರ್‌ಜಿ. ಎರಡು ವರ್ಷದಿಂದ ನಗದಿದ್ದ ಮನುಷ್ಯ ಸಣ್ಣಗೆ ನಕ್ಕರು. ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ, ಇದು ಕರಿಯುಕಿ ಕೆಲಸ. ಹೋದ ತಿಂಗಳು ಬಂದು, ಪಿಸ್ತೂಲೇ ಹಳೇದು, ಬಿರುಕು ಬಿಟ್ಟಿತ್ತು ಅಂದ. ಅದಕ್ಕೆ ಮುಂಚೆ ಪುಡಿ ಕೆಟ್ಟಿತ್ತು ಅಂತ ನಮ್ಮ ಮಗನ ಕೈಲಿ ಫೋನಲ್ಲಿ ಹೇಳಿಸಿದ. ಈಗ ಈ ಹುಡುಗನಿಗೆ ಪೂಜೆ ಕಥೆ ಕಟ್ಟಿಕೊಟ್ಟು ಕಳಿಸಿದ್ದಾನೆ" ಎಂದರು.

"ಕಥೆ ಅಲ್ಲ ಸರ್ದಾರ್‌ಜಿ. ನನ್ನ ಮಗುವಿನ ಆಣೆಗೂ ನಿಜ."

"ಮಗುವಿನ ಮೇಲೆ ಆಣೆ ಇಡಬೇಡ" ಎಂದು ಗದರಿದರು. ಆಮೇಲೆ ದನಿ ತಗ್ಗಿತು. "ನನಗೆ ಸಮಾಧಾನ ಆಗಲಿ ಅಂತ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಳ್ತೀಯಾ ಬೇಟಾ? ಒಂದು ಬೊಟ್ಟು ಕುಂಕುಮಕ್ಕೆ ಪಿಸ್ತೂಲು ಒಡೆಯುತ್ತಾ? ನಾನು ಎಂಜಿನಿಯರ್. ನಿನ್ನಂಥ ಕೆಲಸಗಾರ ಇಂಥ ತಪ್ಪು ಮಾಡೋಲ್ಲ. ಎಪ್ಪತ್ತು ದಾಟಿದ ಮುದುಕ ಮಾಡ್ತಾನೆ." ವರದಿಯನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿದರು. "ತಕ್ಕಡಿ ಇದ್ದಿದ್ದರೆ ಬೊಟ್ಟು ಇಟ್ಟು ತೋರಿಸು ಅಂತಿದ್ದೆ. ಅದೂ ಇಲ್ಲ. ಹೋಗು, ಈ ಮಾತು ಬೇರೆ ಯಾರ ಹತ್ತಿರವೂ ಆಡಬೇಡ."

ಬೇರೆ ತಕ್ಕಡಿ ತಂದು ತೋರಿಸುತ್ತೇನೆ ಎಂದೆ. ತಂದೂ ತಂದೆ, ಮರುದಿನ. ಒದ್ದೆ ಗಂಧ ಇಟ್ಟು, ಸೊನ್ನೆ ಮಾಡಿ, ಒಣಗಿಸಿ, ಮುಳ್ಳು ಸರಿದದ್ದನ್ನು ಅವರ ಮುಂದಿಟ್ಟೆ. ಸರಿದೇ ಸರಿಯಿತು. ಅವರು ಕೂಸಿನ ಆಟ ನೋಡುವವರ ಹಾಗೆ ನೋಡಿ, "ಹೌದು, ಹೀಗೂ ಆಗಬಹುದು. ಆದರೆ ಆಗಿದ್ದು ಹೀಗಲ್ಲ" ಎಂದು ಎದ್ದು ಒಳಗೆ ಹೋದರು. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಆ ಕೈಗಳು ಮತ್ತೆ ಏನನ್ನೂ ಮುಟ್ಟಲಿಲ್ಲವೆಂದು ಕೇಳಿದೆ.

ಆ ದಿನ ಅವರು ಒಳಗೆ ಹೋದ ಮೇಲೆ ಬೀಜಿ ನನ್ನನ್ನು ಗೇಟಿನವರೆಗೆ ಕಳಿಸಲು ಬಂದರು. ನಾನು ಅವರ ಕೈ ಹಿಡಿದುಕೊಂಡು, "ಬೀಜಿ, ನೀವಾದರೂ ನಂಬಿ, ನಾನು ಹೇಳಿದ್ದು ನಿಜ" ಎಂದೆ.

"ಗೊತ್ತು ಬೇಟಾ, ಗೊತ್ತು" ಎಂದರು, ಅಳುವ ಮಕ್ಕಳಿಗೆ ಹೇಳುವ ದನಿಯಲ್ಲಿ. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, ಬಲಗೈಯನ್ನು ನನ್ನ ತಲೆಯ ಮೇಲಿಟ್ಟರು. "ನಮಗೋಸ್ಕರ ಇಷ್ಟು ಮಾಡಿದೆ. ಸ್ವಂತ ಮಗನೂ ಮಾಡೋಲ್ಲ. ದೇವರು ನಿನ್ನಂಥ ಒಳ್ಳೆಯವನನ್ನು ಚೆನ್ನಾಗಿಟ್ಟಿರಲಿ."

ನಾನು ತಲೆ ತಗ್ಗಿಸಿ ನಿಂತು ಆ ಆಶೀರ್ವಾದವನ್ನು ತೆಗೆದುಕೊಂಡೆ.